ಆರು ತೂತಿನ ಲಾಳ

ಅಳತೆಗೆ ಟೇಪು ಇರಲಿಲ್ಲ ನಮ್ಮಬ್ಬನ ಹತ್ತಿರ.
ಜೋಳದ ದಂಟಿನ ಸಿಬಿರೊಂದನ್ನು
ಗೊರಸಿನ ಅಗಲಕ್ಕೆ ಹಿಡಿದು, ಉಗುರಲ್ಲಿ ಮುರಿದು
ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದ.
ನಾಲ್ಕು ಕಾಲಿಗೆ ನಾಲ್ಕು ಸಿಬಿರು.
ಯಾವುದು ಯಾವ ಕಾಲಿನದೆಂದು ಒಮ್ಮೆಯೂ ತಪ್ಪಿದ್ದಿಲ್ಲ.
ತಪ್ಪಿದ್ದು ಬೇರೆ. ಅದಕ್ಕೆ ಬರುತ್ತೇನೆ.

ದಾವಣಗೆರೆ ಸ್ಟೇಷನ್ನಿನ ಎದುರು ಹುಣಸೆಮರದ ಬುಡ.
ಹತ್ತಿ ಗಿರಣಿಯ ಮೊದಲ ಸಿಳ್ಳಿಗೆ ಕುಲುಮೆ ಹೊತ್ತಬೇಕು.
ತಿದಿ ಒತ್ತುವವಳು ನಾನು, ಒಂಬತ್ತು ವರ್ಷ,
ಗಂಡುಮಕ್ಕಳಿಲ್ಲದ ನಾಲಬಂದ ಬುಡೇನ್‌ಸಾಬನ ಮಗಳು.

ಎತ್ತಾದರೆ ಕೆಡವಬೇಕು.
ಹಗ್ಗ ಸುತ್ತಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ,
ಕೊಂಬು ಒತ್ತಿ ಒಬ್ಬ ಕೂರಬೇಕು;
ಸೀಳುಗೊರಸು, ಕಾಲಿಗೆರಡು ಬಿಲ್ಲೆ.
ಕುದುರೆ ಹಾಗಲ್ಲ, ನಿಂತೇ ಕಾಲು ಕೊಡುತ್ತದೆ,
ಕೇಳಬೇಕು ಅಷ್ಟೆ.
ಅಬ್ಬ ಕೇಳುತ್ತಿದ್ದ: ಭುಜದಿಂದ ಕೈ ಇಳಿಸುತ್ತ ಇಳಿಸುತ್ತ
ಮೊಣಕಾಲು ದಾಟಿ, ನರ ದಾಟಿ, ಗಿಣ್ಣಿನ ಕೂದಲಿಗೆ ಬಂದಾಗ
ಅದು ತಾನೇ ಎತ್ತುತ್ತಿತ್ತು,
ಹೊಸ ಸೊಸೆ ಬಳೆಗಾರನಿಗೆ ಕೈ ಕೊಟ್ಟ ಹಾಗೆ.

ಬಾಚಿಯ ಅಲಗಿಗೆ ಗೊರಸು
ಕೊಬ್ಬರಿ ಹೋಳಿನಂತೆ ಸುರುಳಿ ಸುರುಳಿ ಬೀಳುವುದು.
ನಾಯಿಗಳು ಅದಕ್ಕೇ ಕಾದಿರುತ್ತಿದ್ದವು,
ಅವು ಬಿಟ್ಟದ್ದು ಅಮ್ಮಿಯ ಕರಿಬೇವಿನ ಬುಡಕ್ಕೆ.
ಕಾದ ಲಾಳ ಒತ್ತಿದರೆ ಹಳದಿ ಹೊಗೆ,
ಮದುವೆ ಮನೆಗೂ ಆ ವಾಸನೆ ನನ್ನ ಜಡೆಯಲ್ಲೇ ಬರುತ್ತಿತ್ತು.
ಒಡಕಿಗೆ ಗೇರೆಣ್ಣೆ, ಕೊಳೆತದ್ದಕ್ಕೆ ಮೈಲುತುತ್ತ,
ಬೇಸಿಗೆಯಲ್ಲಿ ಕೆರೆಯ ಜೇಡಿ ತುಂಬಿ ಗೋಣಿ ಕಟ್ಟು.
ಗೊರಸಿನಡಿ ಒಂದು ಬಿಳಿ ಗೆರೆ ಇದೆ,
ಅಕ್ಕಿಹಿಟ್ಟಲ್ಲಿ ಎಳೆದಷ್ಟು ತೆಳ್ಳಗೆ.
"ಇದರಾಚೆ ಉಗುರು, ಇದರೀಚೆ ಜೀವ."
ಅವನು ಕಲಿಸಿದ ಪಾಠ ಅಷ್ಟೇ.

ಗೋಣೆಪ್ಪನ ಜಟಕಾದ ಹೆಣ್ಣು ಕುದುರೆ ಪೂನಾ,
ರಾತ್ರಿಯ ಪೂನಾ ರೈಲಿಗೆ ಕಾದೂ ಕಾದೂ ಬಂದ ಹೆಸರು.
ಒಂದು ಸೋಮವಾರ, ಅಶೋಕ ಟಾಕೀಸಿನ ಗೇಟು ದಾಟುವಾಗ
ಕುಂಟಿತು.
ಭುಜ ಎಂದರು, ಉಳುಕು ಎಂದರು, ದೃಷ್ಟಿ ಎಂದರು,
ಒಬ್ಬ ಬರೆ ಹಾಕಲು ಕಂಬಿಯನ್ನೇ ಕಾಸಿದ.
ಅಬ್ಬ ಟಾರಿನ ಮೇಲೆ ಅದನ್ನು ನಡೆಸಿ, ಕಣ್ಣು ಮುಚ್ಚಿ ಆಲಿಸಿದ.
ಟಕ್, ಟಕ್, ಟಕ್, ಮತ್ತೊಂದು ಅರ್ಧ ಟಕ್.
ಎಡಮುಂಗಾಲು.
ಸುತ್ತಿಗೆಯಿಂದ ಮೊಳೆ ಮೊಳೆ ತಟ್ಟುತ್ತ ಬಂದ.
ಒಳಮಗ್ಗುಲಿನ ಮೂರನೆಯದಕ್ಕೆ ಪೂನಾ ನಡುಗಿತು.
ಇಕ್ಕಳದಲ್ಲಿ ಎಳೆದು, ಮೂಗಿಗೆ ಹಿಡಿದು,
ನನ್ನ ಮೂಗಿಗೂ ಹಿಡಿದ.
ಒದ್ದೆ. ಕೀವು.
ಒರೆಸಿ ಬಿಸಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.
"ನನ್ನ ಮೊಳೆ, ಗೋಣೆಪ್ಪ. ಗೆರೆ ದಾಟೈತೆ" ಎಂದ,
ಅಷ್ಟೂ ಜನರ ಮುಂದೆ.

ಹತ್ತೊಂಬತ್ತು ದಿನ ಬಿಸಿ ಉಪ್ಪುನೀರು, ಬೇವಿನೆಣ್ಣೆಯ ಬತ್ತಿ.
ಜಟಕಾದ ದಿನದ ಗಳಿಕೆಯನ್ನೂ ಅವನೇ ಕಟ್ಟಿಕೊಟ್ಟ,
ಅಮ್ಮಿಯ ಕಾಲ್ಗೆಜ್ಜೆ ಅಡವಿಟ್ಟು.
ಹತ್ತೊಂಬತ್ತು ದಿನವೂ ಅಮ್ಮಿ ಮಾತಾಡಲಿಲ್ಲ.
ಆಮೇಲೆ ಪೂನಾಳ ಆ ಕಾಲಿನ ಲಾಳಕ್ಕೆ
ಹೊರಗೆ ನಾಲ್ಕು, ಒಳಗೆ ಎರಡೇ ತೂತು.
ಮೂರನೆಯದಕ್ಕೆ ಉಳಿ ಇಡಲೇ ಇಲ್ಲ, ಅವಳು ಸಾಯುವತನಕ.

ಈಗ ನಾನು ರವಿಕೆ ಹೊಲಿಯುತ್ತೇನೆ.
ಮೊನ್ನೆ ವಿದ್ಯಾನಗರದ ಹೊಸ ಮನೆಗೆ ಕೊಡಲು ಹೋದರೆ
ತೇಗದ ಬಾಗಿಲ ಮೇಲೊಂದು ಲಾಳ, ಕುಂಕುಮ ಹಚ್ಚಿದ್ದು.
"ಸವೆದದ್ದೇ ಆಗಬೇಕಂತ್ರಿ, ಶನಿವಾರ ಹೊಡೆಸಿದ್ವಿ."

ಗುಜರಿಯವರು ಹೊಸ ಲಾಳವನ್ನು ಸ್ಕೂಟರಿಗೆ ಕಟ್ಟಿ
ಬೈಪಾಸಿನಲ್ಲಿ ಎಳೆದು ಸವೆಸಿ ಮಾರುವುದು ನನಗೆ ಗೊತ್ತು.
ಅದು ಎಲ್ಲ ಕಡೆ ಒಂದೇ ಸಮ ಸವೆದಿರುತ್ತದೆ.
ಇದು ಹಾಗಿರಲಿಲ್ಲ. ತುದಿಯ ಒಂದೇ ಕಡೆ ತೆಳ್ಳಗೆ,
ಕಾಲೆಳೆದು ನಡೆವವರ ಚಪ್ಪಲಿಯಂತೆ.

"ಏಳು ತೂತು ಇರಬೇಕಂತೆ. ಇದಕ್ಕೆ ಆರೇ.
ಮೋಸ ಮಾಡಿದ ನೋಡ್ರಿ ಮಾರಿದವ."
ತುದಿಗಾಲಲ್ಲಿ ನಿಂತು ಬೆರಳಿಟ್ಟೆ.
ಒಳಮಗ್ಗುಲು. ಕುಂಕುಮದ ಕೆಳಗೆ
ಮೂರನೆಯ ಜಾಗ ನುಣ್ಣಗಿತ್ತು.
"ಇಲ್ಲಮ್ಮ, ಲೆಕ್ಕ ಸರಿ ಐತೆ" ಎಂದೆ.
ಅವಳು ರವಿಕೆಯ ದುಡ್ಡು ಎಣಿಸುತ್ತಿದ್ದಳು,
ಅದಕ್ಕೇ ಅಂದೆನೆಂದುಕೊಂಡಳು.