ಬಾಕಿ ಅಕ್ಷರ

ಹಳೇ ಮರದ ವ್ಯಾಪಾರ ನನ್ನದು.
ಸೊರಬದ ಆ ಮನೆ ಬಿಚ್ಚಿದಾಗ ಪಾಲಿಗೆ ಬಂದದ್ದು
ಹನ್ನೆರಡು ಕಂಬ, ಒಂದು ದಾರಂದ. ಹಲಸು.
ಮೇಲಿನ ಅಡ್ಡಪಟ್ಟಿಯ ಮಸಿ ಉಜ್ಜಿದರೆ ಅಕ್ಷರ:

    ಬಗ್ಗಿದವಗೆ ಬಾಗಿಲುಂಟು
    ಬಗ್ಗದವಗೆ ತೊಲೆಯ ಪೆಟ್ಟು
    ಒಳಗೆ ಬಂದ ಮೇಲೆ ಕೇಳು
    ಯಾರ ಮನೆಯಿದೆಂ

ಅಷ್ಟೇ. ಮುಂದೆ ಒಂದೂವರೆ ಅಂಗುಲ ನುಣ್ಣನೆ ಮರ.

ಗುರುಶಾಂತಗೌಡರು ದುಡ್ಡೆಣಿಸುತ್ತ
"ನಮ್ಮ ಮುತ್ತಜ್ಜ ಕವಿ" ಅಂದರು.
ಮುತ್ತಜ್ಜನ ಸಹಿ ಕ್ರಯಪತ್ರದಲ್ಲಿ ನೋಡಿದ್ದೆ: ಹೆಬ್ಬೆಟ್ಟು.
ಕಾಲೇಜಿನ ದತ್ತಾತ್ರಿ ಮೇಷ್ಟ್ರು ಭೂತಗನ್ನಡಿ ಹಿಡಿದು
ವಚನವಲ್ಲ, ತ್ರಿಪದಿಯಲ್ಲ, ಷಟ್ಪದಿಯಂತೂ ಅಲ್ಲವೇ ಅಲ್ಲ ಎಂದು
ಏನೇನಲ್ಲವೋ ಅದನ್ನೆಲ್ಲ ಹೇಳಿದರು.

ಸಾಗರಕ್ಕೆ ಹೋದೆ, ಗುಡಿಗಾರರ ಕೇರಿಗೆ,
ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ಸುತ್ತಿಕೊಂಡು.
ಕಾವೇರಮ್ಮನಿಗೆ ಓದು ಬಾರದು.
ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು.
"ಗೀರೆಲ್ಲ ಬಲದಿಂದ ಎಡಕ್ಕೆ ಇಳಿದಾವೆ.
ಎಡಚ ನಾಗಪ್ಪಜ್ಜನ ಉಳಿ ಇದು."

ಪದ್ಯ?
"ಅದು ಅವನ ಹೆಂಡ್ತಿದು. ಬುತ್ತಿ ತರೋಳು.
ಗೌಡರು ದಿನಾ ಹಣೆ ಚಚ್ಚಿಸಿಕೊಳ್ಳೋದು ನೋಡಿ
ನಕ್ಕು ಹೇಳಿದ್ದಂತೆ. ಇವ ಕೆತ್ತಿಯೇ ಬಿಟ್ಟ."

ಅವಳ ಹೆಸರು?
ಕಾವೇರಮ್ಮ ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ.

ಕೊನೆಯ ಅಕ್ಷರ?
"ಮೂರು ಕೊಳಗ ಭತ್ತ ಬಾಕಿ ಇತ್ತಲ್ಲ,"
ಎಲೆಗೆ ಸುಣ್ಣ ಹಚ್ಚುತ್ತ, ನಿನ್ನೆಯ ಮಾತಿನಂತೆ.

ಮಣಿಪಾಲದ ಹೋಟೆಲಿನವರ ಫೋನು:
ಖಾಲಿ ಕಡೆ ಒಂದು "ದು" ಕೆತ್ತಿಸಿಬಿಡಿ, ನೋಡೋಕೆ ಚೆನ್ನಾಗಿರಲ್ಲ.
ಈಗ ಕೆತ್ತುವವರಿಲ್ಲ ಅಂದೆ. ಸುಳ್ಳು.

ಲಾರಿ ಬಂತು. ಅಕ್ಷರಗಳಿಗೆ ಒಂದು ಸುತ್ತು ಗೋಣಿ,
ಆ ಒಂದೂವರೆ ಅಂಗುಲಕ್ಕೆ
ಮೂರು.