ನೆರೆಯಂಗಳದ ದಾರಿ

ಬ್ರೇಕು ಒತ್ತಿದರೆ ಫ್ಯಾನಿನ ಉಸಿರು ಇಳಿಯುತ್ತದೆ.
ಬಲಕ್ಕೆ ಇಂಡಿಕೇಟರು ಹಾಕಿದರೆ
ರೇಡಿಯೋದೊಳಗೆ ಯಾರೋ ಟಕ್ ಟಕ್ ಬಾಗಿಲು ಬಡಿಯುತ್ತಾರೆ.
ಎಡಗಿಂಡಿಯಲ್ಲಿ ಮಂಜುಗಾಳಿ, ಬಲಗಿಂಡಿಯಲ್ಲಿ ಒಲೆ;
ಪಕ್ಕದಲ್ಲಿ ಕೂತ ಬೀಪಾತುಮ್ಮ ಶಾಲು ಹೊದೆಯುತ್ತಾರಂತೆ,
ಸ್ಟೇರಿಂಗು ಹಿಡಿದ ಅಂದುಂಞಿಚ್ಚ ಅಂಗಿ ಹಿಂಡುತ್ತಾರಂತೆ.

"ಇದಕ್ಕೆ ಎಂತ ಆದದ್ದೂಂತ ನೋಡು ಮಗಳೇ,
ಮಂಗಳೂರಿನವರಿಗೂ ಗೊತ್ತಾಗಲಿಲ್ಲ" ಎಂದು
ಎರಡು ಬಾಗಿಲಿನ ಕೆಂಪು ಕಾರನ್ನು
ಉಪ್ಪಳ ಗೇಟಿನ ಹತ್ತಿರದ ನನ್ನ ಶೆಡ್ಡಿಗೆ ತಂದು ನಿಲ್ಲಿಸಿದರು.
ಮೂವತ್ತು ವರ್ಷದ ಹಳತು. ನೆಲಕ್ಕೆ ತಾಗುವಷ್ಟು ಗಿಡ್ಡ.
ಲೈಟು ಹಾಕಿದರೆ ಬಾನೆಟ್ಟಿನಿಂದ ಕಣ್ಣು ಏಳಬೇಕು;
ಎಡದ್ದು ಎದ್ದಿತು,
ಬಲದ್ದು ಅರ್ಧ ತೆರೆದು, ಯೋಚಿಸಿ, ಮಲಗಿತು.

ಶಾರ್ಜಾದಲ್ಲಿ ಹನ್ನೊಂದು ವರ್ಷ
ಇಂಥದ್ದೇ ಒಂದನ್ನು ತೊಳೆದಿದ್ದರಂತೆ, ದಿನಾ ಬೆಳಿಗ್ಗೆ.
ಒಳಗೆ ಕೂತದ್ದು ಒಂದೇ ಸಲ,
ಸೀಟಿನಡಿಯ ಮರಳು ತೆಗೆಯಲು.

ಫ್ಯೂಸಿನ ಡಬ್ಬಿ ತೆರೆದೆ.
ಹಿಂದಿನ ಯಾವನೋ ಪುಣ್ಯಾತ್ಮ
ಸಿಗರೇಟಿನ ಬೆಳ್ಳಿಕಾಗದ ಸುತ್ತಿ ಕೂರಿಸಿದ್ದ.
ವಯರಿಂಗಿನ ನಕ್ಷೆ ಜಪಾನೀ ಲಿಪಿಯಲ್ಲಿ. ಇರಲಿ,
ಈ ಊರಲ್ಲಿ ಗೊತ್ತಿಲ್ಲದ ಭಾಷೆಗೆ ಯಾರೂ ಹೆದರುವುದಿಲ್ಲ:
ಅಂದುಂಞಿಚ್ಚನ ಬ್ಯಾರಿಗೆ ತುಳುವಿನಲ್ಲಿ ಉತ್ತರಿಸಿ
ಸಜೇಶನ ಮಲೆಯಾಳಕ್ಕೆ ಕನ್ನಡದಲ್ಲಿ ಬೈದು
ಬಿಲ್ಲು ಬರೆಯುವುದು ಇಂಗ್ಲಿಷಿನಲ್ಲಿ.
ಕಪ್ಪಿನ ಮೇಲೆ ಹಳದಿ ಗೆರೆ, ನೀಲಿಯ ಮೇಲೆ ಕೆಂಪು.
ಬಣ್ಣ ಓದಲು ಅಕ್ಷರ ಬೇಡ.

ಟೆಸ್ಟ್ ಲ್ಯಾಂಪಿನ ಮೂತಿ ಚುಚ್ಚುತ್ತ ಹೋದೆ.
ಸ್ವಿಚ್ಚಿಗೆ ಬಂತು ಬೆಳಕು. ರಿಲೇಗೆ ಬಂತು.
ಮೋಟರಿನ ಬಾಯಿಗೂ ಬಂತು.
ಬಂದ ಕರೆಂಟಿಗೆ ವಾಪಸು ಹೋಗಲು ಆಗುತ್ತಿಲ್ಲ.

ಅಪ್ಪ ಹೇಳುತ್ತಿದ್ದರು, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು:
ಬರುವ ದಾರಿ ಎಲ್ಲರೂ ನೋಡುತ್ತಾರೆ,
ಹೋಗುವ ದಾರಿ ನೋಡುವವ ಎಲೆಕ್ಟ್ರಿಷನ್.
ಅರ್ತ್ ಕೆಟ್ಟರೆ ಕರೆಂಟು ಸುಮ್ಮನೆ ಕೂರುವುದಿಲ್ಲ ಮಗಾ,
ನೆರೆಯಂಗಳದಲ್ಲಿ ಹಾದು ಮನೆ ಸೇರುತ್ತದೆ.
ಅದಕ್ಕೇ ಬ್ರೇಕಿನದು ಫ್ಯಾನಿನ ಮೈಮೇಲೆ,
ಇಂಡಿಕೇಟರಿನದು ರೇಡಿಯೋದ ಕಿವಿಯೊಳಗೆ.

ಬ್ಯಾಟರಿಯ ತಟ್ಟೆ ಎತ್ತಿದೆ. ಅಡಿಯಲ್ಲಿ
ಬಾಡಿಗೆ ಕಚ್ಚಿಸಿದ ದಪ್ಪ ಕಪ್ಪು ವಯರು,
ಬೋಲ್ಟಿನ ಸುತ್ತ ಹಸಿರು ಕಿಲುಬು, ಪಾಚಿಯ ಹಾಗೆ ಉಬ್ಬಿ.
ಊರಿನ ಹೆಸರಲ್ಲೇ ಉಪ್ಪು ಉಂಟು;
ಕಡಲಗಾಳಿ ಕಾರು ಯಾವ ದೇಶದ್ದೆಂದು ಕೇಳುವುದಿಲ್ಲ.
ಮರಳುಕಾಗದ ಹಿಡಿದು ತಿಕ್ಕಿದೆ
ತಾಮ್ರದ ಮುಖ ಕಾಣುವವರೆಗೆ.
ಹೊಸ ಬೋಲ್ಟು, ಒಂದು ಬೆರಳು ಗ್ರೀಸು.

ಬ್ರೇಕು ಒತ್ತಿದೆ. ಫ್ಯಾನು ತಲೆಕೆಡಿಸಿಕೊಳ್ಳಲಿಲ್ಲ.

ಆದರೆ ಬಲಗಿಂಡಿಯ ಒಲೆ ಆರಿಲ್ಲ.
ಅದು ಬೇರೆಯೇ ರೋಗ.
ಜಡೆಗೆ ಇನ್ಸುಲೇಶನ್ ಟೇಪು ಸುತ್ತಿ
ಡ್ಯಾಶ್‌ಬೋರ್ಡಿನ ಅಡಿಗೆ ಮಲಗಿ, ಕಾಲು ಬಾಗಿಲ ಹೊರಗೆ ಚಾಚಿ
ಬಿಸಿಗೂ ತಂಪಿಗೂ ನಡುವೆ ತಿರುಗುವ ಸಣ್ಣ ಕದ ಮುಟ್ಟಿದೆ:
ಮೋಟರು ದೂಡುತ್ತದೆ, ಕದ ಬರುವುದಿಲ್ಲ.
ಎರಡು ಬೆರಳು ತೂರಿಸಿ ಎಳೆದಾಗ
ಕೈಗೆ ಬಂದದ್ದು ಒಂದು ಹೇರ್‌ಕ್ಲಿಪ್ಪು.
ಗುಲಾಬಿ ಚಿಟ್ಟೆ, ಒಂದು ರೆಕ್ಕೆ ಕರಗಿದೆ.
ಮುಂದಿನ ಗಾಜಿನಡಿಯ ಕಿಂಡಿಯಿಂದ ಯಾವಾಗಲೋ ಬಿದ್ದದ್ದು.

"ನಮ್ಮದಲ್ಲ" ಎಂದರು ಅಂದುಂಞಿಚ್ಚ,
"ನಾನು ನಾಲ್ಕನೆಯವ. ತಂದದ್ದು ಬೊಂಬಾಯಿಯಿಂದ.
ಅದಕ್ಕೂ ಮೊದಲಿನದ್ದು ಅಲ್ಲಾಹನೇ ಬಲ್ಲ."
ಕ್ಲಿಪ್ಪಿನ ಹುಡುಗಿಗೆ ಈಗ ನನ್ನಷ್ಟೇ ಪ್ರಾಯ ಇದ್ದೀತು.
ಹುಡುಕುವುದನ್ನು ಯಾವತ್ತೋ ನಿಲ್ಲಿಸಿರಬಹುದು.
ಸಜೇಶ ಅದನ್ನು ತಿರುಪಿನ ಡಬ್ಬಿಗೆ ಹಾಕಲು ಹೋದ;
ಅಂದುಂಞಿಚ್ಚ ಕೈ ಚಾಚಿ ತೆಗೆದುಕೊಂಡು
ಸನ್‌ವೈಸರಿಗೆ ಸಿಕ್ಕಿಸಿದರು, ಏನೂ ಹೇಳದೆ.

ಸಂಜೆ ಟ್ರಯಲಿಗೆ ಹೊಸಂಗಡಿವರೆಗೆ ಹೋದೆವು.
ಎರಡೂ ಕಡೆ ಒಂದೇ ತಂಪು.
ಅಗಲವಾಗುತ್ತಿರುವ ಹೆದ್ದಾರಿಯ ಧೂಳಿನಲ್ಲಿ ಲೈಟು ಹಾಕಿದರೆ
ಎಡಗಣ್ಣು ಎದ್ದಿತು; ಬಲದ್ದು
ಒಂದು ಕ್ಷಣ ತಡೆದು.
"ಬಿಚ್ಚಿ ನೋಡಬೇಕು, ಒಳಗೆ ಹಲ್ಲು ಸವೆದಿದೆ" ಎಂದೆ.
"ಬೇಡ ಬಿಡು, ಎದುರಿನವರಿಗೆ ಕಣ್ಣು ಹೊಡೆದ ಹಾಗೆ ಉಂಟು"
ಎಂದು ಮೊದಲ ಸಲ ನಕ್ಕರು.
ಬಾಕಿ ಐನೂರು ಶುಕ್ರವಾರ ಕೊಡುತ್ತೇನೆಂದರು.