ನಾಕೂ ಹದಿನಾಕರ ಸೀನು

ಬ್ಯಾಡಗಿ ಪ್ಯಾಟ್ಯಾಗ ಸೋಮವಾರ, ಗುರುವಾರ
ಗಾಳಿಗೂ ಬಣ್ಣ ಬರತೈತಿ.
ಮೂಗಿಗೆ ಓಢಣಿ ಕಟಗೊಂಡು
ಮಾರುಕಟ್ಟಿ ಮ್ಯಾಲಿನ ಖೋಲ್ಯಾಗ ಕುಂತು
ನಾನು ಧಾರಣಿ ಬಡೀತೀನಿ:
ಲಾಟ್ ನಂಬರು, ಡಬ್ಬಿಯೋ ಕಡ್ಡಿಯೋ,
ಕ್ವಿಂಟಲಿಗೆ ಎಷ್ಟು.

ಕೆಳಗ ಸಾವಿರ ಮಂದಿ, ಸಾವಿರ ಫೋನು.
ಹೆಬ್ಬಟ್ಟಿಲೆ ಪಡದೆ ಕೆಳಗ ಜಗ್ಗತಾರ, ಬಿಡತಾರ.
ಸಣ್ಣದೊಂದು ಚಕ್ರ ತಿರಗತೈತಿ, ನಿಲ್ಲತೈತಿ.
ಅದೇ ಹಳೇ ಧಾರಣಿ.
ಮತ್ತ ಜಗ್ಗತಾರ,
ತೊರಿ ಬಿಡದ ಎಮ್ಮಿ ಮಲಿ ಜಗ್ಗಿಧಂಗ.

ಅವರಿಗೆ ಯಾರೂ ಹೇಳಿಲ್ಲ.
ನಾ ಬಡದದ್ದು ಮೊದಲು ನನ್ನ ಹಾಳ್ಯಾಗಷ್ಟ ಇರತೈತಿ.
ಹುಬ್ಬಳ್ಳ್ಯಾಗ ಎಲ್ಲೋ ಒಂದು ಯಂತ್ರ ಐತೆಂತ,
ನಾ ಕಂಡಿಲ್ಲ,
ತಾಸಿಗೆ ನಾಕು ಸಲ ಬಂದು ಬಾಗಲಾ ಬಡದು
"ಹೊಸಾದೇನರ ಐತೇನಬೇ?" ಅಂತ ಕೇಳತೈತಿ.
ಇದ್ದರ ಒಯ್ತೈತಿ.
ಇಲ್ಲದಿದ್ದರ ಸಿಟ್ಟಿಲ್ಲ ಸೆಡವಿಲ್ಲ, ಹೊಳ್ಳಿ ಹೋಗತೈತಿ.
ನಡುವ ಕರದರ ಓ ಅನ್ನೂದಿಲ್ಲ.

ಹೋದ ಗುರುವಾರ ನಾಕೂ ಹದಿನಾಕಕ್ಕ
ಲಾಟ್ ನಾಕನೂರಾ ಹದಿನೇಳು, ಡಬ್ಬಿ,
ಮೂವತ್ತೆರಡು ಸಾವಿರದ ನೂರಾ ಒಂಬತ್ತು.
ಬಡಿಯಾಕತ್ತಿದ್ದೆ,
ಕೆಳಗ ಯಾರೋ ಖಾಲಿ ಚೀಲಾ ಝಾಡಿಸಿದರು.
ಸೀನು ಬಂತು.
ಬಟ್ಟು ಮೂರರ ಮ್ಯಾಲ ಎರಡು ಸಲ ಬಿತ್ತು.
ಮೂರು ಲಕ್ಷ ಮೂವತ್ತೆರಡು ಸಾವಿರದ ನೂರಾ ಒಂಬತ್ತು!
ಕಣ್ಣೊರಸಿಕೊಳ್ಳೂದ್ರಾಗ
ಯಂತ್ರ ಬಂದು ಒಯ್ದಿತ್ತು.

ಹದಿನಾರಕ್ಕ ತಿದ್ದಿದೆ.
ಗುರುಪಾದಪ್ಪ ಸರ್ ಹುಬ್ಬಳ್ಳಿಗೆ ಫೋನ್ ಹಚ್ಚಿದರು,
ಆ ಕಡೆ ಬರೇ ಬಾಜಿ ಪೆಟಗಿ ಹಾಡು.
"ನಾಕೂವರಿಗೆ ತಾನ ಬದಲಾಗತೈತಿ,
ಕೂಡ್ರವಾ ಜೈಬುನ್."
ಕುಂತೆ.
ಹದಿನಾಕು ನಿಮಿಷ
ಖರೇದನ್ನ ಉಡ್ಯಾಗ ಇಟ್ಟಕೊಂಡು
ಕೊಡಾಕ ಬರದ ಕುಂದರೂದು ಹ್ಯಾಂಗಿರತೈತಿ
ಅಂತ ಯಾರಿಗೆ ಹೇಳಲಿ.
ಕೆಳಗ ಗದ್ದಲ ಏರಿತು. ಸೀಟಿ ಬಿದ್ದವು.
ಒಬ್ಬ ಹಮಾಲ ಚೀಲದ ಮ್ಯಾಲ ಹತ್ತಿ
ಕೈ ಮುಗದು ನಿಂತ, ಯಾರಿಗೋ ಏನೋ.
ಚಹಾದ ಹುಡುಗ ಓಡಿ ಬಂದು
"ಅಕ್ಕಾ, ಬಂಗಾರ ಮಾರಾಕತ್ತಾರೇನ?" ಅಂದ.

ನಾಕೂವರಿ. ಯಂತ್ರ ಬಂತು, ಕೇಳಿತು, ಒಯ್ತು.
ಜಗ್ಗಿದವರಿಗೆಲ್ಲ ಮೂವತ್ತೆರಡು ಸಾವಿರ.
ಹಮಾಲ ಇಳದ.

ಸಂಜೀಕ ಮೆಟ್ಟಲಾ ಹತ್ತಿ ಒಬ್ಬಾಕಿ ಬಂದಳು,
ಮೋಟೆಬೆನ್ನೂರ ನೀಲವ್ವ ಚಿಕ್ಕಣ್ಣವರ,
ನಾಕನೂರಾ ಹದಿನೇಳರಾಕಿ.
ಬೈತಾಳಂತ ಎದ್ದು ನಿಂತೆ.
ಫೋನು ಮುಂದ ಹಿಡದಳು.
ಆವಾಗಿನಿಂದ ಜಗ್ಗೇ ಇಲ್ಲ.
ಮೂರು ಲಕ್ಷ ಇನ್ನೂ ಅದರಾಗ ಬೆಚ್ಚಗ ಕುಂತಿತ್ತು.

"ಸುಳ್ಳಂತ ಆವಾಗ ಗೊತ್ತಾತ ತಂಗಿ.
ನಲವತ್ತು ವರ್ಷ ಮೆಣಸಿನಕಾಯಿ ಬಿಡಿಸೀನಿ,
ಧಾರಣಿ ತಿಳಿಯೂದಿಲ್ಲೇನ ನನಗ?
ಮನಿಯವರಿಗೆ ತೋರಸಬೇಕು, ಎರಡು ದಿನಾ ಆತು ನಕ್ಕಿಲ್ಲ,
ಹಲ್ಲು ಕಿತ್ತಿಸ್ಯಾರ.
ಊರು ಮುಟ್ಟೂತನಾ ಇದು ಹಿಂಗ ಇರಬೇಕಂದ್ರ
ಏನ ಮಾಡಲಿ, ಹೇಳು."

ಏನಿಲ್ಲ, ಬಟ್ಟು ಹಚ್ಚಬ್ಯಾಡ್ರಿ, ಅಂದೆ.
ಫೋಟೋ ಹಿಡಿಯೂದು ಹೇಳಿಕೊಡಬಹುದಿತ್ತು,
ಆ ಹೊತ್ತಿನಾಗ ನೆನಪಾಗಲಿಲ್ಲ.
ಆಕಿ ಸೆರಗಿನಾಗ ಫೋನ್ ಸುತ್ತಿ
ನೆರಿಮನಿಯಿಂದ ಕೆಂಡಾ ಒಯ್ಯೂವಾಕಿಧಂಗ
ಒಂದೊಂದ ಮೆಟ್ಟಲಾ ಇಳದಳು.
ಕಿಡಕ್ಯಾಗ ನಿಂತು ನೋಡಿದೆ,
ಬಸ್ ಸ್ಟ್ಯಾಂಡಿನ ತಿರುವಿನತನಕ
ಒಮ್ಮೆಯೂ ಬಿಚ್ಚಲಿಲ್ಲ.

ಕೆಳಗ ಕಸಾ ಹೊಡದರು.
ಕೆಂಪು ಧೂಳು ಕಂಬದ ದೀಪದತನಕ ಎದ್ದು ಕುಂತಿತು.
ಆರಕ್ಕ ಯಂತ್ರ ಬಂತು,
"ಹೊಸಾದೇನರ?"
ಇತ್ತು.
ಹಾಳ್ಯಾಗ ಅದಕ್ಕ ಕಾಲಮ್ಮು ಇರಲಿಲ್ಲ.